ಕೊಳಲಿನ ಪಾಲು

"ಗುರುಗಳೇ, ಹೊಸಬರು ಸೇರಿದ ಮೇಲೆ ನೀವು ಬೆಳಗ್ಗೆ ಹಾಡುವ ಪದವನ್ನು ಮೊಟಕು ಮಾಡಿದಿರಿ. ಆ ತುಂಡು ಪದಕ್ಕೇ ಅವರು ಕಣ್ಣೀರು ಹಾಕುತ್ತಾರೆ. ಇಡೀ ಪದ ಬಾಯಿಗೆ ಬರುವುದು ನನಗೊಬ್ಬನಿಗೆ. ಅವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಏಕೆ?" ಎಂದು ಹಳೆಯ ಶಿಷ್ಯನೊಬ್ಬ ಕೇಳಿದ.

ಗುರು ಈ ಕತೆ ಹೇಳಿದರು.

ಊರಾಚೆ ಒಂದು ಮೋಜಿನ ಪಾರ್ಕ್ ಇತ್ತು. ಸಂಜೆಯಾದರೆ ಅಲ್ಲಿ ಸಂಗೀತಕ್ಕೆ ಕಾರಂಜಿಗಳು ಕುಣಿಯುತ್ತಿದ್ದವು. ಆ ಸಂಗೀತವೆಂದರೆ ಒಬ್ಬ ಬೆಲ್ಲದ ವ್ಯಾಪಾರಿಗೆ ಪ್ರಾಣ. ಸಂತೆ ತಪ್ಪಿಸಿಯಾನು, ಕಾರಂಜಿ ತಪ್ಪಿಸುತ್ತಿರಲಿಲ್ಲ.

ನಡುವೆ ಒಂದು ಕಡೆ ವಾದ್ಯಗಳೆಲ್ಲ ಸುಮ್ಮನಾಗಿ ಕೊಳಲೊಂದೇ ಉಳಿಯುತ್ತಿತ್ತು. ನೀರೂ ಇಳಿಯುತ್ತಿತ್ತು. ಆಟ ಮುಗಿಯಿತೆಂದು ಹೊಸಬರು ಚಪ್ಪಲಿ ಹುಡುಕುತ್ತಿದ್ದರು. ವ್ಯಾಪಾರಿ ಒಳಗೊಳಗೇ ನಗುತ್ತಿದ್ದ. ಕೊಳಲಿನ ಕೊನೆಯ ಉಸಿರಿಗೆ ಸರಿಯಾಗಿ ಎದ್ದು ನಿಂತು ಹೆಗಲ ವಲ್ಲಿ ಬೀಸುತ್ತಿದ್ದ. ಮರುಕ್ಷಣವೇ ನೀರು ಮುಗಿಲಿಗೆ ಚಿಮ್ಮುತ್ತಿತ್ತು. ಇವನ ಅಪ್ಪಣೆಗೇ ನೀರು ಎದ್ದಿತೇನೋ ಎಂಬಂತೆ ಜನ ಇವನತ್ತ ತಿರುಗುತ್ತಿದ್ದರು. ಈ ರಾಗದ ಒಳಹೊರಗು ಬಲ್ಲವನು ಹತ್ತೂರಿಗೆ ತಾನೊಬ್ಬನೇ ಎಂದು ಅವನು ಮೀಸೆ ತಿರುವುತ್ತಿದ್ದ.

ಒಮ್ಮೆ ಪಾರ್ಕಿನವರು ಆಟವನ್ನು ಚಿಕ್ಕದು ಮಾಡಿ, ಕೊಳಲಿನ ಭಾಗವನ್ನೇ ತೆಗೆದುಹಾಕಿದರು. ಅದು ತಿಳಿಯದ ವ್ಯಾಪಾರಿ ಕೊಳಲಿಗೆ ಕಾಯುತ್ತ ಕೂತಿದ್ದ. ನೀರು ಚಿಮ್ಮಿಯೇಬಿಟ್ಟಿತು. ಅವನು ಗಡಬಡಿಸಿ ಎದ್ದು ವಲ್ಲಿ ಬೀಸುವಷ್ಟರಲ್ಲಿ ನೀರು ಇಳಿದು, ಆಟ ಮುಗಿದು ದೀಪ ಹತ್ತಿತ್ತು.

"ಯಜಮಾನ್ರೇ, ಯಾರಿಗೆ ಟಾಟಾ ಮಾಡ್ತಿದ್ದೀರಿ? ಆಟ ಮುಗೀತು!" ಎಂದು ಹಿಂದೆ ಕೂತವರು ನಕ್ಕರು.

ಪಕ್ಕದಲ್ಲಿ ಹೊಸದಾಗಿ ಬಂದಿದ್ದ ಹೆಣ್ಣುಮಗಳೊಬ್ಬಳು ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕಾರಂಜಿ ಅವಳ ಮನಸ್ಸನ್ನು ಅಷ್ಟು ತುಂಬಿತ್ತು. ವ್ಯಾಪಾರಿ ಅವಳನ್ನೇ ದುರುಗುಟ್ಟಿ ನೋಡಿದ. ಇಷ್ಟು ವರ್ಷ ಕಾದು ಕೂತವನು ತಾನು. ಅರೆಬರೆ ಕೇಳಿ ಸುಖಪಡುವವಳು ಇವಳೇ?

"ಅಷ್ಟಕ್ಕೇ ಅಳ್ತೀಯಲ್ಲ ತಂಗಿ, ನೀನು ಕೇಳಿದ್ದು ಬರೀ ಸಿಪ್ಪೆ. ಒಳಗೊಂದು ಕೊಳಲಿತ್ತು, ತೆಗೆದುಬಿಟ್ಟಿದ್ದಾರೆ" ಎಂದ.

ಅವಳು ಪೂರ್ತಿ ಅವನತ್ತ ತಿರುಗಿ ಕೂತಳು. "ಹೌದಾ ಅಣ್ಣ? ನಿಮಗೆ ಬರುತ್ತಾ? ಒಂಚೂರು ಸಿಳ್ಳೇಲಾದ್ರೂ ಕೇಳಿಸಿ."

ಅವನಿಗೆ ಬರುತ್ತಿತ್ತು. ಅಂಗಡಿಯಲ್ಲಿ ಬೆಲ್ಲ ತೂಗುವಾಗಲೆಲ್ಲ ಅದೇ ಸಿಳ್ಳೆ. ತುಟಿ ಕೂಡಿಸಿದ. ಇದು ಇವಳಿಗೂ ಸಿಕ್ಕಿಬಿಟ್ಟರೆ ತನಗೆ ಉಳಿಯುವುದೇನು ಎನ್ನಿಸಿತು. ವಲ್ಲಿ ಕೊಡವಿ ಎದ್ದು ಹೋದ. ಅಂದಿನಿಂದ ಅಂಗಡಿಯಲ್ಲೂ ಸಿಳ್ಳೆ ಹಾಕಲಿಲ್ಲ. ದಾರಿಯಲ್ಲಿ ಹೋಗುವವರು ಕೇಳಿ ಕಲಿತುಬಿಟ್ಟಾರೆಂಬ ಭಯ.

ಗುರು ಕತೆ ನಿಲ್ಲಿಸಿದರು.

"ಪಾರ್ಕಿನವರು ಮಾಡಿದ್ದು ತಪ್ಪಲ್ಲವೇ?" ಎಂದ ಶಿಷ್ಯ.

"ತಪ್ಪೇ. ಅವರು ಕೊಳಲನ್ನು ಕಾರಂಜಿಯಿಂದ ತೆಗೆದರು. ಲೋಕದಿಂದಲೇ ತೆಗೆದವರು ಯಾರಪ್ಪಾ?"