ನಾಲ್ಕನೆಯ ಹೆಗಲು

“ಗುರುಗಳೇ, ರಾಜ್ಯವನ್ನು ಎಷ್ಟು ಸಣ್ಣ ಭಾಗಗಳಾಗಿ ಒಡೆದರೆ ಆಡಳಿತ ಜನರ ಕೈಗೆ ಬರುತ್ತದೆ?”

ಕೇಳಿದವನು ಶಿಷ್ಯ ಮರಿದೇವ. ಅವನ ಕೇರಿಯವರು ತಮ್ಮ ಕೇರಿಯನ್ನೇ ಬೇರೆ ಊರು ಮಾಡಿಕೊಡಬೇಕೆಂದು ಸರ್ಕಾರಕ್ಕೆ ಅರ್ಜಿ ಬರೆದಿದ್ದರು. ಗುರುಗಳದೂ ಒಂದು ಸಹಿ ಇರಲಿ ಎಂದು ಮರಿದೇವ ಅದನ್ನು ತಂದು ಮಣೆಯ ಮೇಲೆ ಇಟ್ಟಿದ್ದ.

ಗುರುಗಳು ಅರ್ಜಿಯನ್ನು ಪೂರ್ತಿ ಓದಿದರು. “ಬರವಣಿಗೆ ಚೆನ್ನಾಗಿದೆ. ಕೂತ್ಕೋ, ಒಂದು ಕತೆ ಹೇಳ್ತೀನಿ. ನಡುವೆ ಬಾಯಿ ಹಾಕಬೇಡ, ನಿನಗೆ ಆ ಚಾಳಿ ಇದೆ,” ಎಂದು ಶುರು ಮಾಡಿದರು.

ಒಬ್ಬ ಅರಸನಿದ್ದ. ಒಳ್ಳೆಯವನೇ. ರಾಜ್ಯವನ್ನು ನಾಡುಗಳಾಗಿ, ನಾಡನ್ನು ಹೋಬಳಿಗಳಾಗಿ, ಹೋಬಳಿಯನ್ನು ಊರುಗಳಾಗಿ ಹಂಚಿದ. ಊರಿಗೊಬ್ಬ ಪಟೇಲ, ಊರಿಗೊಂದು ಸಭೆ. ಹೆಸರಿನಲ್ಲಿ ಹೊಲವಿರುವ ನಾಲ್ಕು ಜನ ಸೇರಿದರೆ ಸಭೆ. ಅಂಥ ನಾಲ್ಕು ಜನ ಒಪ್ಪಿ ಕೇಳಿದರೆ ಬೇರೆ ಊರನ್ನೂ ಕೊಡುತ್ತೇನೆ ಎಂದು ಡಂಗುರ ಹೊಡೆಸಿದ. ಅಲ್ಲಿಗೆ ಕೆಟ್ಟಿತು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಕೆರೆಯ ನೀರು ಅವನ ಹೊಲಕ್ಕೆ ಯಾವಾಗಲೂ ಕೊನೆಗೇ ಬರುತ್ತಿತ್ತು. ದೂರು ಹೇಳಲು ಹೋದರೆ ಪಟೇಲ ಜಗಲಿಯಲ್ಲಿ ಕೂರಿಸಿ ಮಧ್ಯಾಹ್ನದವರೆಗೆ ಕಾಯಿಸುತ್ತಿದ್ದ. ರೈತನ ಸಿಟ್ಟಿನಲ್ಲಿ ಸುಳ್ಳಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅವನು ಕೆಳಗಿನ ಕೇರಿಯವರನ್ನು ಕೂಡಿಸಿಕೊಂಡು ಬೇರೆ ಊರು ಕೇಳಿದ. ಸಿಕ್ಕಿತು. ಗಡಿಗೆ ಕಲ್ಲು ನೆಟ್ಟರು. ಆದರೆ ಹೊಸ ಊರಿನಲ್ಲೂ ಯಾರದೋ ಒಬ್ಬರ ಹೊಲಕ್ಕೆ ನೀರು ಕೊನೆಗೆ ಬರಲೇಬೇಕಲ್ಲ? ಮತ್ತೆ ಜಗಳ, ಮತ್ತೆ ಅರ್ಜಿ, ಮತ್ತೆ ಕಲ್ಲು. ಒಡೆದು ಒಡೆದು ಕಡೆಗೆ ರೈತನ ಊರಿನಲ್ಲಿ ಹೊಲವಿದ್ದವರು ನಾಲ್ಕೇ ಜನ ಉಳಿದರು. ಅವನು, ಅವನ ತಮ್ಮ, ಅವನ ಮಗ, ಮತ್ತೆ ಹೆಸರಿಗೊಂದು ತುಂಡು ಹೊಲವಿದ್ದ ಅವನ ತಾಯಿ. ಪಟೇಲ ಅವನೇ.

ತಾಯಿ ಒಂದು ದಿನ ಕೇಳಿದಳು. “ಅಲ್ಲವೋ, ನನ್ನ ತಮ್ಮನ ಮನೆ ಕಲ್ಲಿನಾಚೆಗೆ ಹೋಯ್ತಲ್ಲ. ಇನ್ನು ಅವನನ್ನ ನೋಡಬೇಕಾದರೆ ನಾನು ಪರವೂರಿಗೆ ಹೋಗಬೇಕೇನೋ?”

“ನಡೆದರೆ ಹತ್ತು ಹೆಜ್ಜೆ. ಸುಮ್ನಿರಮ್ಮ,” ಎಂದ ಮಗರಾಯ.

ಅಲ್ಲಿ ಹಿಂದಿನಿಂದ ಬಂದ ಪದ್ಧತಿಯೊಂದಿತ್ತು. ಹೆಣಕ್ಕೆ ಹೆಗಲು ಕೊಡುವುದು ಊರಿನ ಕೆಲಸ, ಮನೆಮನೆಗೆ ಸರದಿ. ಹೆಂಗಸರು ಕೊಡುವಂತಿಲ್ಲ, ಹೊರಗಿನವರು ಕೊಡುವಂತಿಲ್ಲ. ನೂರು ಮನೆ ಇದ್ದಾಗ ಅದು ಯಾರಿಗೂ ಭಾರವಾಗಿರಲಿಲ್ಲ. ಕಲ್ಲು ನೆಟ್ಟ ಮೇಲೆ ನಮ್ಮ ರೈತ ಹಟ ಹಿಡಿದು ಹೋಬಳಿಯ ಕಚೇರಿಯಲ್ಲಿ ಅದನ್ನು ಎಲ್ಲ ಊರಿಗೂ ಕಟ್ಟಳೆಯಾಗಿ ಬರೆಸಿದ. ನಮ್ಮ ಊರ ಹೊರೆ ನಮಗೆ, ನಿಮ್ಮದು ನಿಮಗೆ. ಗಡಿ ದಾಟಿ ಹೆಗಲು ಕೊಟ್ಟವನಿಗೆ ಕೆರೆಯ ನೀರು ಇಲ್ಲ. ಸೋದರಮಾವನ ಹೆಂಡತಿ ತೀರಿಕೊಂಡಾಗ ಮಾವ ಕರೆಯಲು ಬಂದ. ರೈತ ಕಲ್ಲಿನ ಹತ್ತಿರ ನಿಂತು, ಅದು ನಿಮ್ಮ ಊರಿನ ಕೆಲಸ ಎಂದು ಹೇಳಿ ಕಳಿಸಿದ. ಹಾಳಾದವನು, ಅತ್ತೆಯ ಮುಖ ನೋಡಲೂ ಹೋಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವನ ತಾಯಿ ಸತ್ತಳು.

ಚಟ್ಟಕ್ಕೆ ನಾಲ್ಕು ಮೂಲೆ. ಮನೆಯಲ್ಲಿ ಗಂಡಸರು ಮೂವರು. ಗಾಡಿಯ ಮೇಲೆ ಹಾಕಿಕೊಂಡು ಹೋಗುವುದು ದಿಕ್ಕಿಲ್ಲದ ಹೆಣವನ್ನು. ರೈತ ಗಡಿಕಲ್ಲಿಗೆ ಓಡಿದ. ಸುದ್ದಿ ಕೇಳಿ ಮಾವ ಆಗಲೇ ಅಲ್ಲಿ ಬಂದು ನಿಂತಿದ್ದ.

“ಮಾವ, ಕೈ ಮುಗೀತೀನಿ, ಒಂದು ಹೆಗಲು ಕೊಡು.”

“ನನ್ನನ್ನ ಎತ್ತಿ ಆಡಿಸಿದ ಅಕ್ಕ ಕಣಪ್ಪ ಅವಳು, ನನಗೆ ಭಾರವಾಗ್ತಾಳಾ? ಆದರೆ ನೀರು ಹೋದರೆ ನನ್ನ ಮಕ್ಕಳು ಏನು ತಿನ್ನಬೇಕು? ನೀನೇ ಬರೆಸಿದ ಕಟ್ಟಳೆ. ಅಪ್ಪಣೆ ಒಂದು ತಂದುಬಿಡು, ಓಡಿ ಬರ್ತೀನಿ.”

ರೈತ ಹೋಬಳಿಯ ಕಚೇರಿಗೆ ಓಡಿದ. ಅಲ್ಲಿಯ ಅಧಿಕಾರಿ ಅವನನ್ನು ಕಾಯಿಸಲಿಲ್ಲ. ಕೂರಿಸಿ ಕುಡಿಯಲು ನೀರು ಕೊಟ್ಟ. ಕಟ್ಟಳೆಯ ಹಾಳೆಗಳನ್ನು ತಿರುವಿ ನೋಡಿ, ನಿಮ್ಮ ಊರ ಸಭೆ ಸೇರಿ ಕೇಳಿದರೆ ಈ ಕ್ಷಣವೇ ಅಪ್ಪಣೆ ಬರೆದುಕೊಡುತ್ತೇನೆ ಎಂದ. ಸಭೆಗೆ ನಾಲ್ಕು ಜನ ಬೇಕು. ನಾಲ್ಕನೆಯವಳು ಅಂಗಳದಲ್ಲಿ ಚಟ್ಟದ ಮೇಲಿದ್ದಳು.

ಹೊತ್ತು ಇಳಿಯುತ್ತಿತ್ತು. ಮೂವರೇ ಎತ್ತಿದರು. ನಾಲ್ಕನೆಯ ಮೂಲೆ ಕೆಳಗೆ ಬಿದ್ದು ನೆಲವನ್ನು ಗೀರುತ್ತ ಹೋಯಿತು. ಕಲ್ಲು ಸಿಕ್ಕಿದಾಗೆಲ್ಲ ಮುದುಕಿಯ ತಲೆ ಆ ಕಡೆ ಈ ಕಡೆ ಹೊರಳುತ್ತಿತ್ತು. ಮಾವ ಗಡಿಯ ಆಚೆ ಬದಿಯಲ್ಲೇ, ಅವರ ಸಮಕ್ಕೆ, ಮಸಣದವರೆಗೂ ಅಳುತ್ತ ನಡೆದ. ದಾಟಲಿಲ್ಲ. ರೈತ, ತಪ್ಪಾಯ್ತಮ್ಮ, ತಪ್ಪಾಯ್ತಮ್ಮ ಎನ್ನುತ್ತಲೇ ಎಳೆದುಕೊಂಡು ಹೋದ. ಅವಳಿಗೆ ಕೇಳಿಸಬೇಕಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಎಷ್ಟೋ ಸಮಾಧಾನಪಡುತ್ತಿದ್ದೆ. ವಾರದ ಮೇಲೆ ಅರಸನ ಕಡೆಯಿಂದ ಭೂಮಿ ಅಳೆಯುವವನು ಬಂದ. ರೈತನ ಮನೆಯಿಂದ ಮಸಣದವರೆಗೆ ನೆಲದಲ್ಲಿ ಒಂದು ಗೆರೆ ಕಂಡ. ಇದೂ ಗಡಿಯೇ ಇರಬೇಕು ಎಂದು ಬರೆದುಕೊಂಡು ಹೋದ. ತಮ್ಮನ ಹೊಲ ಗೆರೆಯ ಆಚೆಗೆ ಬಿತ್ತು, ಮಾವನ ಊರಿಗೆ ಸೇರಿತು. ಈಚೆಗೆ ಉಳಿದವರು ಅಪ್ಪ ಮಗ ಇಬ್ಬರೇ. ಇದು ತಪ್ಪು ಎಂದು ಸಭೆ ಸೇರಿ ಹೇಳೋಣವೆಂದರೆ ಸಭೆ ಎಲ್ಲಿಂದ ಬರಬೇಕು?

ಗುರುಗಳು ಅಷ್ಟಕ್ಕೇ ನಿಲ್ಲಿಸಿ, ಅರ್ಜಿಯನ್ನು ಮರಿದೇವನ ಕಡೆಗೆ ಸರಿಸಿದರು. ಮರಿದೇವನಿಗೆ ತಡೆಯಲಾಗಲಿಲ್ಲ.

“ಗುರುಗಳೇ, ಆಮೇಲೆ ಆ ರೈತ ಸತ್ತಾಗ ಯಾರು ಹೊತ್ತರು?”

“ಅವನಿನ್ನೂ ಸತ್ತಿಲ್ಲ ಮರಿ, ಹೊರುವವರಿಲ್ಲ ಅಂತ ಹೆದರಿಕೊಂಡು ಬದುಕಿದ್ದಾನೆ.”