ಸೀರೆ ವ್ಯಾಪಾರಿಯ ಹವಳದ ತೊಟ್ಟಿ

ನಂಬುವುದಿದ್ದರೆ ನಂಬಿ, ಇಲ್ಲವಾದರೆ ಎದ್ದು ಹೋಗಿ. ನಾನು ಕೇಳಿದ್ದು ಕುಸ್ತಿಯ ವಿಚಾರ. ನಮಗೆ ಕುಸ್ತಿ ಕಲಿಸುವ ವಸ್ತಾದ್ ಮರಿಸಿದ್ದಯ್ಯನವರು ಹೇಳಿದ್ದು ಸಮುದ್ರದ ಹವಳದ ಕತೆ. ನಮ್ಮ ಗರಡಿಯಿಂದ ಸಮುದ್ರ ನೋಡಬೇಕಾದರೆ ಒಂದು ಹಗಲು ಬಸ್ಸಿನಲ್ಲಿ ಕೂರಬೇಕು.

ನನ್ನ ಪ್ರಶ್ನೆ ಇಷ್ಟೇ ಇತ್ತು: "ಹೊಸಬರನ್ನು ನನ್ನ ಕೈಯಿಂದ ಯಾಕೆ ಕಿತ್ತುಕೊಂಡಿರಿ, ವಸ್ತಾದ್ರೇ?"

ಕೇಳುವ ಹಕ್ಕು ನನಗಿತ್ತು. ಜವರನ ಬೆನ್ನಿಗೆ ಮಣ್ಣು ಹತ್ತಿಸಿದವನು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಅಂಥ ನಾನು, ಪಟ್ಟಣದಿಂದ ಹೊಸದಾಗಿ ಸೇರಿದ ಹುಡುಗರಿಗೆ ನಾನು ಹೊಡೆಯುವಷ್ಟೇ ದಂಡ, ನಾನು ಹೊಡೆಯುವಷ್ಟೇ ಬಸ್ಕಿ ಹೊಡೆಸಿದೆ. ಒಂದೂ ಕಡಿಮೆ ಮಾಡಲಿಲ್ಲ. ಬಚ್ಚಿಟ್ಟುಕೊಂಡು ಕಲಿಸುವ ಜಿಪುಣ ನಾನಲ್ಲ. ಒಬ್ಬ ವಾಂತಿ ಮಾಡಿಕೊಂಡ. ಇನ್ನೊಬ್ಬ ಗರಡಿಯ ಮೆಟ್ಟಿಲನ್ನು ಕೂತುಕೊಂಡೇ ಇಳಿದ. ಅರ್ಧಕ್ಕರ್ಧ ಜನ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಓಡಿಹೋದವರು ಅವರು, ಶಿಕ್ಷೆ ನನಗೆ. ಉಳಿದವರನ್ನು ವಸ್ತಾದರು ರಾಚಯ್ಯನಿಗೆ ಒಪ್ಪಿಸಿದರು. ಯಾವ ರಾಚಯ್ಯ? ನಾನು ಅಂಗಾತ ಕೆಡವಿದ ರಾಚಯ್ಯ.

ಹೊಸಬರನ್ನು ತಯಾರು ಮಾಡಿದವನೇ ಮುಂದೆ ವಸ್ತಾದ್ ಆಗುವುದು ನಮ್ಮ ಗರಡಿಯ ಪದ್ಧತಿ. ಆ ಜಾಗ ನನ್ನದೇ ಅಂತ ಊರಿಗೆಲ್ಲ ಹೇಳಿ ಬಂದಿದ್ದೆ. ನನ್ನ ಹೊಟ್ಟೆ ಉರಿಯದೆ ಇನ್ನೇನು?

ವಸ್ತಾದರು ಕೂರು ಅಂದರು. ಆಮೇಲೆ ಹೇಳಿದರು:

ಒಬ್ಬ ಸೀರೆ ವ್ಯಾಪಾರಿ ಇದ್ದ. ನಡುಮನೆಯಲ್ಲಿ ಗಾಜಿನ ತೊಟ್ಟಿ ಮಾಡಿಸಿ, ಉಪ್ಪುನೀರು ತುಂಬಿಸಿ, ಹವಳ ಇಟ್ಟ. ಉಂಗುರದ ಹವಳವಲ್ಲ, ಜೀವ ಇರುವ ಹವಳ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಪಾಚಿ ಬೆಳಕಿನಲ್ಲಿ ಅಡುಗೆ ಮಾಡುತ್ತದೆ, ಹವಳ ಉಣ್ಣುತ್ತದೆ.

ಹವಳ ಮಾರಿದವನು ಹೇಳಿ ಹೋಗಿದ್ದ. ಇದು ಆಳದ ನೀರಿನದು, ಅಲ್ಲಿಗೆ ಇಳಿಯುವುದು ಮಂದವಾದ ನೀಲಿ ಬೆಳಕು ಮಾತ್ರ. ಅಂಥದೇ ದೀಪ ಹಾಕಿ, ಮೊದಲು ಕಡಿಮೆ ಇಡಿ, ಹವಳದ ಬಣ್ಣ ನೋಡಿಕೊಂಡು ಚೂರು ಚೂರೇ ಹೆಚ್ಚಿಸಿ ಅಂದಿದ್ದ.

ವ್ಯಾಪಾರಿಗೆ ನೀಲಿ ಬೆಳಕು ಕಂಡರೆ ಆಗದು. ನೀಲಿ ದೀಪದಡಿ ಕೆಂಪು ಸೀರೆ ಕಪ್ಪಾಗಿ ಕಾಣುತ್ತದೆ, ಬಂದ ಗಿರಾಕಿ ಎದ್ದು ಹೋಗುತ್ತಾನೆ. ಅವನು ಅಂಗಡಿಯಲ್ಲಿ ಮದುವೆ ಸೀರೆ ಬಿಚ್ಚುವ ಜಾಗದ ಮೇಲಿದ್ದ ಬಿಳಿ ದೀಪಗಳನ್ನೇ ಇಳಿಸಿ ತಂದು ತೊಟ್ಟಿಯ ಮೇಲೆ ಕಟ್ಟಿಸಿದ.

ಹೆಂಡತಿ, "ಮಂದ ಬೆಳಕು ಅಂದಿದ್ದರಲ್ಲಾ ರೀ" ಅಂದಳು.

"ಬೆಳಕೇ ಅದರ ಊಟ ಅಂದಮೇಲೆ ಅರೆಹೊಟ್ಟೆ ಯಾಕೆ ಹಾಕಲಿ? ನನ್ನ ಮನೆಯಲ್ಲಿ ಬಡಿಸುವುದಕ್ಕೆ ಬರವೇ?" ಅಂದ ವ್ಯಾಪಾರಿ.

ಅಷ್ಟು ಬೆಳಕನ್ನು ಪಾಚಿ ತಡೆಯಲಿಲ್ಲ. ಹವಳ ಅದನ್ನು ಮೈಯಿಂದ ಹೊರಗೆ ದೂಡಿತು. ದಿನದಿಂದ ದಿನಕ್ಕೆ ಬೆಳ್ಳಗಾಯಿತು. ಬಂದ ನೆಂಟರು ಏನು ಹೊಳಪು ಅಂತ ಹೊಗಳಿದರು. ಬಿಳಿ ರೇಷ್ಮೆಗೂ ಈ ಹೊಳಪಿಲ್ಲ ಅಂತ ವ್ಯಾಪಾರಿ ಬೀಗಿದ. ಒಳಗೆ ಹವಳ ಉಪವಾಸ ಇತ್ತು. ಅಡುಗೆ ಮಾಡುವವರನ್ನೇ ಕಳೆದುಕೊಂಡಿತ್ತು.

ಹವಳ ಸತ್ತಿತು. ವ್ಯಾಪಾರಿ ಮಾರಿದವನ ಮನೆಗೆ ಹೋಗಿ ಕೂಗಾಡಿದ. ನನ್ನ ದೀಪದ ಕೆಳಗೆ ಬಾಳಲಾರದ ಕಳಪೆ ಮಾಲನ್ನು ನನ್ನ ತಲೆಗೆ ಕಟ್ಟಿದೆಯಾ ಅಂದ.

ವಸ್ತಾದರು ಅಲ್ಲಿಗೆ ನಿಲ್ಲಿಸಿದರು. ನನಗೆ ತಡೆಯಲಾಗಲಿಲ್ಲ. ಮೂಕ ಜೀವವನ್ನು ಕೊಂದು, ಅದನ್ನೇ ಕಳಪೆ ಅನ್ನುವುದೇ?

"ಎಂಥ ಮುಟ್ಠಾಳ ಅವನು" ಅಂದೆ. "ಎಷ್ಟು ಆಳದಿಂದ ಬಂದ ಜೀವ ಅಂತ ಯೋಚನೆ ಮಾಡಬೇಡವಾ? ತನ್ನ ಅಂಗಡಿ ದೀಪ ತಂದು ನೇತುಹಾಕಿದನಂತೆ. ನನ್ನ ಕೈಗೆ ಸಿಕ್ಕಿದ್ದರೆ ಕತ್ತು ಹಿಡಿದು ಆ ದೀಪದ ಕೆಳಗೇ ಕೂರಿಸುತ್ತಿದ್ದೆ."

ವಸ್ತಾದರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು.

"ಓಡಿಹೋದರಲ್ಲ ಆ ಹುಡುಗರು, ಅವರು ಎಷ್ಟು ಆಳದಿಂದ ಬಂದವರು, ಜವರ?"



ಕುಸ್ತಿಯಲ್ಲಿ ಇವತ್ತಿಗೂ ರಾಚಯ್ಯನಿಗಿಂತ ನಾನೇ ಮೇಲು, ಬೇಕಾದರೆ ಅವನನ್ನೇ ಕೇಳಿ. ಆದರೆ ಹೊಸಬರು ಅವನ ಹತ್ತಿರವೇ ಉಳಿದರು. ನನಗೆ ಕೊಟ್ಟದ್ದು ಒಂದು ಗುದ್ದಲಿ, ಆ ಹುಡುಗರು ಬಿದ್ದರೆ ಪೆಟ್ಟಾಗದ ಹಾಗೆ ದಿನಾ ಅಖಾಡದ ಮಣ್ಣು ಅಗೆದು ಮೆತ್ತಗೆ ಮಾಡುವುದಕ್ಕೆ.