ಮೇ ತಿಂಗಳ ಮುಂಗುರುಳು

ಕುಮಟಾದಲ್ಲಿ ಮೇ ತಿಂಗಳ ಸೆಕೆ. ಮದುವೆಮನೆಗೆ ಹೊರಟ ಮಯೂರಿ ಕನ್ನಡಿಯ ಮುಂದೆ ಕೂತು, ಹಣೆಯ ಮೇಲೆ ಹೊಸದಾಗಿ ಕತ್ತರಿಸಿಕೊಂಡ ಕೂದಲನ್ನು ಬಿಸಿ ಸ್ಟ್ರೈಟ್ನರಿನಿಂದ ನೆಟ್ಟಗೆ ಮಾಡುತ್ತಿದ್ದಳು.

“ನಾನು ಒತ್ತಿದ ಕೂದಲು ಮತ್ತೆ ತಲೆಯೆತ್ತುವುದಿಲ್ಲ,” ಎಂದು ಸ್ಟ್ರೈಟ್ನರ್ ಪಕ್ಕದ ಹಳೇ ಮರದ ಬಾಚಣಿಗೆಗೆ ಹೇಳಿತು.

ಮಯೂರಿ ಸೀರೆ ಉಟ್ಟು ಬರುವಷ್ಟರಲ್ಲಿ ಬೆವರಿಗೆ ಕೂದಲು ಸುರುಳಿ ಸುತ್ತಿಕೊಂಡಿತ್ತು. ಮತ್ತೆ ಒತ್ತಿದಳು, ಮತ್ತೆ ಸುತ್ತಿತು. ಮೂರನೆಯ ಸಲ ಸುಟ್ಟ ವಾಸನೆ ಬಂತು.

“ಎಂಥ ಹಟಮಾರಿ ಕೂದಲು! ಇಷ್ಟು ವರ್ಷ ನೀನು ಹೇಗೆ ಬಗ್ಗಿಸಿದೆ?” ಎಂದಿತು ಸ್ಟ್ರೈಟ್ನರ್.

“ನನ್ನಿಂದಲೂ ಆಗಲಿಲ್ಲ. ಇವಳ ಅಜ್ಜಿ ವತ್ಸಲಾ ಬೇಸಿಗೆಯಲ್ಲಿ ತನ್ನ ತಲೆಗೆ ತೆಂಗಿನೆಣ್ಣೆ ಮೆತ್ತಿ, ನನ್ನಿಂದ ಬಾಚಿ, ಮೇಲೆರಡು ಕ್ಲಿಪ್ಪು ಸಿಕ್ಕಿಸುತ್ತಿದ್ದಳು. ಒಲೆಯ ಮೇಲಿನ ಸಾರು ಕುದಿಯುವುದರೊಳಗೆ ಇದೇ ಗುಂಗುರು ಅವಳ ಹಣೆಗೆ ಬಂದು ಕೂರುತ್ತಿತ್ತು. ನಾನೂ ನಿನ್ನ ಹಾಗೇ ಬೈಯುತ್ತಿದ್ದೆ.”

“ಈಗ ಬೈಯುವುದಿಲ್ಲವೇ?”

“ಅವಳು ತೀರಿಹೋಗಿ ಒಂಬತ್ತು ವರ್ಷವಾಯಿತು. ಆಮೇಲೆ ಈ ಗುಂಗುರನ್ನು ಮತ್ತೆ ನೋಡಿದ್ದು ಇವತ್ತೇ. ನಾಳೆ ಬೇಕಾದರೆ ಒತ್ತು ಮಾರಾಯ, ಈಗೊಂದು ಗಳಿಗೆ ನೋಡಲು ಬಿಡು.”

ಹೊತ್ತಾಯಿತೆಂದು ಗದರಲು ಬಂದ ಮಯೂರಿಯ ತಾಯಿ, ಕನ್ನಡಿಯಲ್ಲಿ ಮಗಳ ಹಣೆ ಕಂಡು ಬಾಗಿಲಲ್ಲೇ ನಿಂತಳು. ಆಮೇಲೆ ಒಳಗೆ ಬಂದು ಸ್ಟ್ರೈಟ್ನರಿನ ಸ್ವಿಚ್ಚು ಆರಿಸಿದಳು.

“ಹಾಗೇ ಇರಲಿ ಬಿಡೇ,” ಎಂದಳು. “ನನ್ನಮ್ಮನೂ ಮದುವೆಗೆ ಬಂದ ಹಾಗಾಗುತ್ತದೆ.”